‘ತೊತ್ತೋಚಾನ್’: ಅಗಲಿಕೆಯನ್ನು ಮಗುವಿನ ಎತ್ತರದಲ್ಲಿ ನಿಂತು ಹೇಳಿದ ಪುಸ್ತಕ

ಕನ್ನಡದ ಮಕ್ಕಳ ಸಾಹಿತ್ಯವು ಸಾವನ್ನಾಗಲಿ ಅಗಲಿಕೆಯನ್ನಾಗಲಿ ಕಂಡು ಹಿಂಜರಿದುದಲ್ಲ. ನಮ್ಮ ಮಗು ಅಕ್ಷರ ಕಲಿಯುವ ಮೊದಲೇ ‘ಗೋವಿನ ಹಾಡ’ನ್ನು ಕೇಳುತ್ತದೆ. ಪುಣ್ಯಕೋಟಿಯು ಕರುವಿಗೆ ಹಾಲೂಡಿಸಿ, ಅದನ್ನು ಒಡನಾಡಿ ಹಸುಗಳ ಮಡಿಲಿಗೊಪ್ಪಿಸಿ, ಹುಲಿಯ ಗವಿಯತ್ತ ಹೊರಡುವ ಭಾಗ ಬಂದಾಗ ಗಂಟಲು ಕಟ್ಟದ ಕೂಸು ವಿರಳ. ಇನ್ನಷ್ಟು ಬೆಳೆದ ಮೇಲೆ ಜಿ. ಪಿ. ರಾಜರತ್ನಂ ಅವರ ‘ತುತ್ತೂರಿ’ ಬರುತ್ತದೆ. ಅಲ್ಲಿ ಹುಡುಗನೊಬ್ಬನ ಮೆಚ್ಚಿನ ವಸ್ತು ನೀರುಪಾಲಾಗಿ ದನಿ ಕಳೆದುಕೊಳ್ಳುತ್ತದೆ. ಆಮೇಲೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಬ್ರೌನಿಂಗ್ ಕವಿಯ ಕೃತಿಯನ್ನು ಆಧರಿಸಿದ ಈ ಕಥನಕವನದಲ್ಲಿ ಒಂದು ಊರಿಗೆ ಊರೇ ತನ್ನ ಮಕ್ಕಳನ್ನು ಕಳೆದುಕೊಳ್ಳುತ್ತದೆ. ಇಷ್ಟು ದೊಡ್ಡ ನಷ್ಟವನ್ನು ಇಷ್ಟು ಕುಣಿಯುವ ಲಯದಲ್ಲಿ ಹೇಳಿದ ಕೃತಿ ಬೇರೊಂದು ನಮಗೆ ಸುಲಭವಾಗಿ ನೆನಪಾಗದು.

ಆದರೆ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಾಮ್ಯ ಕಾಣುತ್ತದೆ. ಇಲ್ಲಿನ ಪ್ರತಿಯೊಂದು ನಷ್ಟಕ್ಕೂ ಒಂದು ಕಾರಣವಿದೆ. ತುತ್ತೂರಿ ಹೋದದ್ದು ಹುಡುಗನ ಜಂಬಕ್ಕೆ. ಬೊಮ್ಮನಹಳ್ಳಿಯ ಮಕ್ಕಳು ಹೋದದ್ದು ಹಿರಿಯರು ಕೊಟ್ಟ ಮಾತಿಗೆ ತಪ್ಪಿದ್ದಕ್ಕೆ. ಪುಣ್ಯಕೋಟಿಯ ಅಗಲಿಕೆಯೋ ಸತ್ಯದ ಪರೀಕ್ಷೆ. ಪರೀಕ್ಷೆಯಲ್ಲಿ ಗೆದ್ದವಳಿಗೆ ಕರು ಮರಳಿ ದೊರೆಯುತ್ತದೆ. ನಷ್ಟವೆಂದರೆ ದಂಡ, ಇಲ್ಲವೇ ಪರೀಕ್ಷೆ. ನೀತಿಯನ್ನು ಮುಟ್ಟಿಸುವ ಕಾವ್ಯಕ್ಕೆ ಇದು ಸಹಜವಾದ ದಾರಿ, ಮತ್ತು ಈ ಮೂರು ಕೃತಿಗಳ ಹಿರಿಮೆ ಇದರಿಂದ ಕುಂದುವುದೂ ಇಲ್ಲ. ಆದರೂ ನಿಜವಾದ ಮಗುವೊಂದರ ಹೊಸ್ತಿಲಿಗೆ ಬರುವ ನಷ್ಟವು ಕಾರಣವನ್ನು ಹೇಳಿಕೊಂಡು ಬರುವುದಿಲ್ಲ. ಅಜ್ಜಿ ಒಂದು ಬೆಳಗ್ಗೆ ಏಳುವುದಿಲ್ಲ. ಸಾಕಿದ ನಾಯಿ ಹೋದದ್ದು ಮರಳುವುದಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯನ ಮನೆಯವರು ಊರು ಬಿಡುತ್ತಾರೆ. ಆಗ ಕಥೆಗಳಿಂದ ಕಲಿತ ಪಾಠವನ್ನೇ ಮಗು ತನಗೆ ಅನ್ವಯಿಸಿಕೊಳ್ಳುತ್ತದೆ: ನಾನು ಮಾಡಿದ ಯಾವ ತಪ್ಪಿಗೆ ಇದು? ಈ ಪ್ರಶ್ನೆಯ ಭಾರವನ್ನು ಮಗುವಿನ ಹೆಗಲಿನಿಂದ ಇಳಿಸಬಲ್ಲ ಪುಸ್ತಕವೊಂದನ್ನು ಹುಡುಕುವುದು ನಮ್ಮ ಬಾಲಸಾಹಿತ್ಯ ವಿಮರ್ಶೆಯ ಮುಖ್ಯ ಕೆಲಸಗಳಲ್ಲಿ ಒಂದಾಗಬೇಕೆಂದು ನಾವು ಭಾವಿಸುತ್ತೇವೆ.

ಅಂಥ ಪುಸ್ತಕ ಕನ್ನಡದಲ್ಲಿ ಈಗಾಗಲೇ ಇದೆ. ಆದರೆ ಅದನ್ನು ಬೇರೆ ಕಪಾಟಿನಲ್ಲಿ ಇಟ್ಟಿದ್ದೇವೆ. ಜಪಾನಿನ ತೆತ್ಸುಕೊ ಕುರೊಯಾನಗಿ ಬರೆದ, ವಿ. ಗಾಯತ್ರಿಯವರು ಕನ್ನಡಕ್ಕೆ ತಂದು ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿದ ‘ತೊತ್ತೋಚಾನ್’ ಎಂಬ ಪುಸ್ತಕದ ಹೆಸರು ನಮ್ಮ ಅಧ್ಯಾಪಕ ವರ್ಗಕ್ಕೆ ಹೊಸದಲ್ಲ. ಶಿಕ್ಷಕರ ತರಬೇತಿಗಳಲ್ಲಿ, ಶಿಕ್ಷಣದ ಕುರಿತ ಭಾಷಣಗಳಲ್ಲಿ ಅದರ ಉಲ್ಲೇಖ ಆಗಾಗ ಬರುತ್ತದೆ. ಮಕ್ಕಳಿಗೆ ಹೇಗೆ ಕಲಿಸಬೇಕೆಂಬುದಕ್ಕೆ ಅದೊಂದು ದೃಷ್ಟಾಂತಗ್ರಂಥವಾಗಿಬಿಟ್ಟಿದೆ. ಹಾಗಾಗಿ ಅದನ್ನು ದೊಡ್ಡವರು ಓದಿ ಮೆಚ್ಚಿ, ದೊಡ್ಡವರ ಕಪಾಟಿನಲ್ಲೇ ಇಡುತ್ತಾರೆ. ನಮ್ಮ ವಾದವಿಷ್ಟೆ: ‘ತೊತ್ತೋಚಾನ್’ ಶಿಕ್ಷಣದ ಪುಸ್ತಕ ಹೌದು; ಅದಕ್ಕಿಂತ ಮಿಗಿಲಾಗಿ ಅದು ಕಳೆದುಕೊಳ್ಳುವುದರ ಪುಸ್ತಕ, ಮತ್ತು ಮಕ್ಕಳ ಕೈಗೇ ಸೇರಬೇಕಾದುದು.

ಮೊದಲು ಕೃತಿಯ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. ಕುರೊಯಾನಗಿ ಹುಟ್ಟಿದ್ದು 1933ರಲ್ಲಿ, ತೋಕಿಯೋ ನಗರದಲ್ಲಿ. ‘ತೊತ್ತೋ’ ಎಂಬುದು ಬಾಲ್ಯದಲ್ಲಿ ತನ್ನ ಹೆಸರನ್ನು ಆಕೆ ತಾನೇ ಉಚ್ಚರಿಸುತ್ತಿದ್ದ ರೀತಿ. ‘ಚಾನ್’ ಎಂಬುದು ಜಪಾನೀಯರು ಮಕ್ಕಳ ಹೆಸರಿಗೆ ಅಕ್ಕರೆಯಿಂದ ಸೇರಿಸುವ ಪ್ರತ್ಯಯ. ತನ್ನ ಬಾಲ್ಯದ ನೆನಪುಗಳನ್ನು ಆಕೆ ಮೊದಲು ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರೆದರು. 1981ರಲ್ಲಿ ಅದು ಪುಸ್ತಕವಾಯಿತು. ಮರುವರ್ಷ ಡೊರೊಥಿ ಬ್ರಿಟನ್ ಅವರ ಇಂಗ್ಲಿಷ್ ಅನುವಾದ ಬಂತು. 2023ರಲ್ಲಿ, ಅಂದರೆ 42 ವರ್ಷಗಳ ಬಳಿಕ, ಲೇಖಕಿ ಅದರ ಮುಂದಿನ ಭಾಗವನ್ನು ಬರೆದರು. ಅದೇ ವರ್ಷ ಮೂಲಕೃತಿಯ ಕಥೆ ಆನಿಮೇಷನ್ ಚಲನಚಿತ್ರವಾಗಿಯೂ ತೆರೆಗೆ ಬಂತು.

ಕಥೆಯ ನೆಲೆ ಒಂದು ಪುಟ್ಟ ಶಾಲೆ. ತೋಕಿಯೋದ ಜಿಯುಗಾವೊಕ ಎಂಬಲ್ಲಿ ಸೊಸಾಕು ಕೊಬಯಾಶಿ ಎಂಬ ಶಿಕ್ಷಕರು 1937ರಲ್ಲಿ ‘ತೊಮೊಯೆ’ ಎಂಬ ಶಾಲೆಯನ್ನು ತೆರೆದರು. ತರಗತಿಗಳು ನಡೆಯುತ್ತಿದ್ದುದು ಓಡಾಟ ನಿಲ್ಲಿಸಿದ ರೈಲುಡಬ್ಬಿಗಳಲ್ಲಿ. ಯಾವ ಪಾಠವನ್ನು ಮೊದಲು ಮಾಡಬೇಕೆಂಬುದು ಮಕ್ಕಳ ಆಯ್ಕೆ. ಊಟದ ಡಬ್ಬಿಯಲ್ಲಿ ಕಡಲಿನದೊಂದು, ಗುಡ್ಡದ್ದೊಂದು ತಿನಿಸು ಇರಬೇಕೆಂಬುದು ಮುಖ್ಯೋಪಾಧ್ಯಾಯರ ನಿಯಮ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಗುಡ್ಡ ಇರುವ ಕಾಸರಗೋಡು ಸೀಮೆಯ ನಮಗೆ ಈ ನಿಯಮ ಬಲು ಹತ್ತಿರದ್ದೆನಿಸುತ್ತದೆ. 1945ರ ವಿಮಾನದಾಳಿಯಲ್ಲಿ ಈ ಶಾಲೆ ಸುಟ್ಟುಹೋಯಿತು. ಅಂದರೆ ಓದುಗನು ಪ್ರೀತಿಸತೊಡಗುವ ಪ್ರತಿಯೊಂದು ಡಬ್ಬಿಯೂ, ಮರವೂ, ಸಭಾಂಗಣವೂ ಬೂದಿಯಾಗಲಿರುವಂಥದು. ಪುಸ್ತಕದ ಮೊದಲ ಪುಟದಿಂದಲೇ ಲೇಖಕಿ ಇಲ್ಲದ ಊರಿನಲ್ಲಿ ನಮ್ಮನ್ನು ಓಡಾಡಿಸುತ್ತಿದ್ದಾರೆ.

ಆರಂಭವೇ ಒಂದು ನಷ್ಟ. ಒಂದನೆಯ ತರಗತಿಯಲ್ಲಿರುವಾಗಲೇ ಹುಡುಗಿಯನ್ನು ಮೊದಲಿನ ಶಾಲೆಯಿಂದ ಹೊರಹಾಕುತ್ತಾರೆ. ಮೇಜಿನ ಮುಚ್ಚಳವನ್ನು ಲೆಕ್ಕವಿಲ್ಲದಷ್ಟು ಸಲ ತೆರೆದು ಮುಚ್ಚುವುದು, ಕಿಟಕಿಯ ಬಳಿ ನಿಂತು ಬೀದಿಯ ವಾದ್ಯದವರನ್ನು ಕರೆಯುವುದು, ಗೂಡು ಕಟ್ಟುವ ಹಕ್ಕಿಯೊಡನೆ ಮಾತಾಡುವುದು ಅವಳ ಮೇಲಿನ ಆರೋಪಗಳು. ಆದರೆ ತಾನು ಹೊರಹಾಕಲ್ಪಟ್ಟೆನೆಂಬುದು ಆ ಹುಡುಗಿಗೆ ತಿಳಿಯುವುದೇ ಇಲ್ಲ. ತಾಯಿ ಅದನ್ನು ಹೇಳುವುದು ಮಗಳಿಗೆ ಇಪ್ಪತ್ತು ವರ್ಷ ತುಂಬಿದ ಮೇಲೆ. ಹೊಸ ಶಾಲೆಯೊಂದಕ್ಕೆ ಹೋಗೋಣವೇ ಎಂದಷ್ಟೇ ಆಗ ಕೇಳುತ್ತಾಳೆ. ಮಗುವಿನಿಂದ ಒಂದು ನಷ್ಟವನ್ನು ಮುಚ್ಚಿಡುವುದು ಸರಿಯೇ ಎಂಬ ಚರ್ಚೆ ಇಲ್ಲಿ ಸಾಧ್ಯ. ಕೃತಿಯ ಉತ್ತರ ಸೂಕ್ಷ್ಮವಾಗಿದೆ. ಮಗುವಿನ ಮೇಲೆ ಬರೆಯಲಾದ ತೀರ್ಪನ್ನು ತಾಯಿ ತನ್ನಲ್ಲಿ ಇಟ್ಟುಕೊಳ್ಳುತ್ತಾಳೆ. ಮುಂದೆ ಸಾವು ಎದುರಾದಾಗ ಹಿರಿಯರು ಅದನ್ನು ಮುಚ್ಚಿಡುವುದಿಲ್ಲ. ಅವಮಾನವನ್ನು ಮಗುವಿಗೆ ಹೊರಿಸಬೇಕಿಲ್ಲ, ದುಃಖವನ್ನು ಮಗುವಿನಿಂದ ಕಸಿಯಬೇಕಿಲ್ಲ. ಈ ವಿವೇಕವೇ ಇಡೀ ಪುಸ್ತಕದ ತಳಹದಿ.

ಎರಡನೆಯದು ಹಣದ ಚೀಲದ ಪ್ರಸಂಗ. ತೊತ್ತೋಚಾನಳ ಅಚ್ಚುಮೆಚ್ಚಿನ ಚೀಲ ಶಾಲೆಯ ಶೌಚದ ಗುಂಡಿಗೆ ಬೀಳುತ್ತದೆ. ಅವಳು ಉದ್ದ ಹಿಡಿಯ ಸೌಟೊಂದನ್ನು ತಂದು ಗುಂಡಿಯಲ್ಲಿದ್ದುದನ್ನೆಲ್ಲ ಹೊರಗೆ ರಾಶಿ ಹಾಕುತ್ತಾಳೆ. ಆ ದಾರಿಯಲ್ಲಿ ಬಂದ ಮುಖ್ಯೋಪಾಧ್ಯಾಯರು ಗದರುವುದಿಲ್ಲ, ಸಹಾಯಕ್ಕೂ ಬರುವುದಿಲ್ಲ. ಮುಗಿದ ಮೇಲೆ ಎಲ್ಲವನ್ನೂ ಮೊದಲಿದ್ದಲ್ಲಿಗೇ ಹಾಕುವೆಯಷ್ಟೆ ಎಂದು ಕೇಳಿ ಮುಂದೆ ಹೋಗುತ್ತಾರೆ. ಶಿಕ್ಷಣತಜ್ಞರು ಈ ಪ್ರಸಂಗವನ್ನು ಮಗುವಿನ ಮೇಲಿನ ನಂಬಿಕೆಗೆ ಉದಾಹರಣೆಯಾಗಿ ಹೇಳುವುದುಂಟು. ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿಯೊಂದಿದೆ: ಚೀಲ ಸಿಕ್ಕುವುದಿಲ್ಲ. ಬೇರೆ ಮಕ್ಕಳ ಕಥೆಯಾಗಿದ್ದರೆ ಅಷ್ಟು ದುಡಿದ ಹುಡುಗಿಗೆ ಅದು ಸಿಕ್ಕಲೇಬೇಕಿತ್ತು. ಇಲ್ಲಿ ಅವಳು ಎಲ್ಲವನ್ನೂ ಮರಳಿ ಗುಂಡಿಗೆ ತುಂಬಿ, ತೃಪ್ತಿಯಿಂದ ಮನೆಗೆ ಹೋಗುತ್ತಾಳೆ. ಹುಡುಕುವುದಕ್ಕೆ ತನಗೆ ಅವಕಾಶ ದೊರೆಯಿತು, ಮನಸಾರೆ ಹುಡುಕಿದೆ ಎಂಬುದೇ ಅವಳಿಗೆ ಸಾಕಾಗುತ್ತದೆ. ಕಳೆದುಕೊಂಡುದನ್ನು ಹುಡುಕುವ ಹಕ್ಕು ಮಗುವಿಗಿದೆ, ಸಿಕ್ಕೇ ಸಿಗುತ್ತದೆಂಬ ಭರವಸೆ ಯಾರಿಗೂ ಇಲ್ಲ. ಇದನ್ನು ಒಂದು ನಗೆಯ ಪ್ರಸಂಗದ ಒಳಗಿಟ್ಟು ಲೇಖಕಿ ಓದುವ ಮಗುವನ್ನು ಮುಂದಿನ ಅಧ್ಯಾಯಗಳಿಗೆ ಸಿದ್ಧಗೊಳಿಸುತ್ತಾರೆ.

ಆಮೇಲೆ ಕೋಳಿಮರಿಗಳು. ಜಾತ್ರೆಯಲ್ಲಿ ಮಾರಾಟಕ್ಕಿಟ್ಟ ಹಳದಿ ಮರಿಗಳು ಬೇಕೆಂದು ಹುಡುಗಿ ಹಟ ಹಿಡಿಯುತ್ತಾಳೆ. ಅವು ಬೇಗ ಸಾಯುತ್ತವೆ, ನೀನು ಅಳುವೆ ಎಂದು ತಂದೆತಾಯಿ ಮುಂಚೆಯೇ ಹೇಳುತ್ತಾರೆ. ಕೊನೆಗೆ ಕೊಡಿಸುತ್ತಾರೆ. ಕೆಲವೇ ದಿನಗಳಲ್ಲಿ ಎರಡೂ ಒಂದರ ಹಿಂದೆ ಒಂದು ಸಾಯುತ್ತವೆ. ಇಲ್ಲಿಯೂ ಗಮನಿಸಬೇಕಾದುದು ಹಿರಿಯರ ವರ್ತನೆ. ಹೇಳಿದ ಮಾತು ಕೇಳಲಿಲ್ಲ, ಅನುಭವಿಸು ಎಂಬ ಧಾಟಿ ಎಲ್ಲಿಯೂ ಇಲ್ಲ. ‘ತುತ್ತೂರಿ’ಯ ಹುಡುಗನಿಗೆ ದೊರೆತ ಬುದ್ಧಿವಾದ ಇವಳಿಗೆ ದೊರೆಯುವುದಿಲ್ಲ. ಹಟ ಮಾಡಿದ್ದು ಒಂದು, ಮರಿಗಳು ಸತ್ತದ್ದು ಇನ್ನೊಂದು; ಎರಡರ ನಡುವೆ ನೀತಿಯ ಗಂಟು ಹಾಕದೆ ಬಿಡುವುದರಲ್ಲೇ ಈ ಲೇಖಕಿಯ ಮೃದುತ್ವವಿದೆ.

ಕೃತಿಯ ಹೃದಯಭಾಗದಲ್ಲಿರುವುದು ಯಸುವಾಕಿ ಎಂಬ ಗೆಳೆಯನ ಸಾವು. ಪೋಲಿಯೋದಿಂದ ಕೈಕಾಲು ಬಾಧಿತನಾದ ಈ ಹುಡುಗನನ್ನು ತೊತ್ತೋಚಾನ್ ತನ್ನ ಮರಕ್ಕೆ ಆಹ್ವಾನಿಸುತ್ತಾಳೆ; ತೊಮೊಯೆಯಲ್ಲಿ ಪ್ರತಿಯೊಬ್ಬ ಮಗುವಿಗೂ ತನ್ನದೆಂಬ ಒಂದು ಮರವಿತ್ತು. ಮನೆಯವರಿಗೆ ತಿಳಿಸದೆ, ಏಣಿ ತಂದು, ಬೆವರಿಳಿಸಿ, ಅವನನ್ನು ಕೊಂಬೆಯ ಕವಲಿಗೆ ಎಳೆದುಕೊಳ್ಳುವ ಆ ಅಧ್ಯಾಯ ಸಾಹಸಕಥೆಯಂತೆ ಓದಿಸಿಕೊಳ್ಳುತ್ತದೆ. ಅದರ ಕೊನೆಯಲ್ಲಿ, ಅವನು ಮರ ಹತ್ತಿದ್ದು ಅದೇ ಮೊದಲು, ಅದೇ ಕೊನೆ ಎಂಬ ಅರ್ಥದ ಒಂದು ಮಾತನ್ನು ಲೇಖಕಿ ಹೇಳಿ ಸುಮ್ಮನಾಗುತ್ತಾರೆ. ಮೊದಲ ಓದಿನಲ್ಲಿ ಮಗು ಅದನ್ನು ದಾಟಿ ಹೋಗುತ್ತದೆ. ಎರಡನೆಯ ಓದಿನಲ್ಲಿ ಅಲ್ಲಿಯೇ ನಿಲ್ಲುತ್ತದೆ.

ಅವನು ಸತ್ತ ಸುದ್ದಿಯನ್ನು ಮುಖ್ಯೋಪಾಧ್ಯಾಯರು ಮಕ್ಕಳಿಗೆ ತಿಳಿಸುವ ಬಗೆ ನಮ್ಮೆಲ್ಲರ ಗಮನಕ್ಕೆ ಅರ್ಹವಾದುದು. ಅವರು ಸುತ್ತಿಬಳಸುವುದಿಲ್ಲ. ಯಸುವಾಕಿ ಸತ್ತನೆಂದು ನೇರವಾಗಿ ಹೇಳುತ್ತಾರೆ. ತಮಗೂ ಬಹಳ ದುಃಖವಾಗಿದೆ ಎನ್ನುತ್ತಾರೆ. ಎಲ್ಲರೂ ಅಂತ್ಯಸಂಸ್ಕಾರಕ್ಕೆ ಹೋಗೋಣ ಎನ್ನುತ್ತಾರೆ. ಕನ್ನಡದಲ್ಲಿ ನಾವು ಮಕ್ಕಳೆದುರು ಸಾವಿಗೆ ಎಷ್ಟೆಲ್ಲ ಮರೆಮಾತುಗಳನ್ನು ಬಳಸುತ್ತೇವೆ: ತೀರಿಕೊಂಡರು, ಇಲ್ಲವಾದರು, ದೇವರ ಪಾದ ಸೇರಿದರು, ನಕ್ಷತ್ರವಾದರು. ಇವೆಲ್ಲ ಸತ್ತವರ ಬಗೆಗಿನ ಗೌರವದಿಂದ ಹುಟ್ಟಿದ ಮಾತುಗಳೇ. ಆದರೆ ಅವುಗಳಲ್ಲಿ ಕೆಲವು ಮಗುವನ್ನು ಕಾಯುವ ಸ್ಥಿತಿಯಲ್ಲಿ ನಿಲ್ಲಿಸುತ್ತವೆ. ಹೋದವರು ಬರುತ್ತಾರೆಂಬುದು ಮಗುವಿನ ವ್ಯಾಕರಣ. ನಾವೇ ಅಲ್ಲವೇ ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನಬೇಕೆಂದು ಅದಕ್ಕೆ ಕಲಿಸಿದವರು? ಕೊಬಯಾಶಿಯವರ ನೇರ ಮಾತು ಕಠೋರವಾಗಿ ಕೇಳಿಸದಿರುವುದಕ್ಕೆ ಕಾರಣ, ಅದನ್ನು ಹೇಳುವಾಗ ಅವರು ತಮ್ಮ ಕಣ್ಣೀರನ್ನು ಮಕ್ಕಳಿಂದ ಮರೆಮಾಡುವುದಿಲ್ಲ ಎಂಬುದು. ಸತ್ಯವನ್ನು ಹೇಳುವುದು, ಹೇಳಿ ಜೊತೆಗೆ ನಿಲ್ಲುವುದು, ಇವೆರಡೂ ಕೂಡಿದಾಗ ಮಾತ್ರ ಮಗುವಿಗೆ ಆಸರೆ.

ಅಂತ್ಯಸಂಸ್ಕಾರದಲ್ಲಿ ತೊತ್ತೋಚಾನ್ ಹೂವೊಂದನ್ನು ಗೆಳೆಯನ ಕೈಯ ಬಳಿ ಇಡುತ್ತಾಳೆ. ಅವನು ಓದಲು ಕೊಟ್ಟಿದ್ದ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಇನ್ನೂ ಅವಳ ಬಳಿ ಇದೆ. ಹಿಂದಿರುಗಿಸಬೇಕಾದವನು ಇಲ್ಲ, ಆದ್ದರಿಂದ ಮತ್ತೆ ಭೇಟಿಯಾಗುವವರೆಗೆ ಅದನ್ನು ಜೋಪಾನ ಮಾಡಬೇಕೆಂದುಕೊಳ್ಳುತ್ತಾಳೆ. ಸಾವಿನ ಬಗೆಗಿನ ಮಕ್ಕಳ ಕಥೆಗಳು ಸಾಮಾನ್ಯವಾಗಿ ಈ ಹಂತದಲ್ಲಿ ಸಮಾಧಾನದ ಮಾತುಗಳಿಗೆ ತಿರುಗುತ್ತವೆ. ಕುರೊಯಾನಗಿ ಮಗುವಿಗೆ ಮಾತು ಕೊಡುವುದಿಲ್ಲ, ಒಂದು ವಸ್ತು ಕೊಡುತ್ತಾರೆ. ಆ ವಸ್ತುವಿನೊಡನೆ ಒಂದು ಕೆಲಸವನ್ನೂ ಕೊಡುತ್ತಾರೆ. ಕಳೆದುಕೊಂಡವರ ಕೈಯಲ್ಲಿ ಇನ್ನೂ ಏನೋ ಉಳಿದಿದೆ, ಅದನ್ನು ನೋಡಿಕೊಳ್ಳಬೇಕು ಎಂಬ ಈ ಅರಿವು ಉಪದೇಶವಾಗದೆ ಕಥೆಯೊಳಗೇ ಬೆರೆತಿದೆ. ಇನ್ನೂ ಒಂದು ಸಂಗತಿ. ಅಮೆರಿಕದಲ್ಲಿ ಟೆಲಿವಿಷನ್ ಎಂಬುದೊಂದು ಬಂದಿದೆಯೆಂದು ಆ ಮರದ ಮೇಲೆ ಕುಳಿತು ಅವಳಿಗೆ ಮೊದಲು ಹೇಳಿದವನು ಯಸುವಾಕಿ. ಆ ಹುಡುಗಿ ಬೆಳೆದು, 1953ರಲ್ಲಿ ಜಪಾನಿನಲ್ಲಿ ಟೆಲಿವಿಷನ್ ಪ್ರಸಾರ ತೊಡಗಿದ ಕಾಲದ ನಟಿಯರಲ್ಲಿ ಒಬ್ಬಳಾದಳು; 1976ರಿಂದ ಅವರು ನಡೆಸಿಕೊಂಡು ಬಂದ ಸಂದರ್ಶನ ಕಾರ್ಯಕ್ರಮ ಅಲ್ಲಿ ಮನೆಮಾತು. ಸತ್ತ ಗೆಳೆಯನ ಮಾತು ಬದುಕಿದವಳ ಜೀವನವಾಯಿತೆಂದು ಲೇಖಕಿ ಎಲ್ಲಿಯೂ ಡಂಗುರ ಹೊಡೆಯುವುದಿಲ್ಲ. ಓದುಗರು ತಾವೇ ಕಂಡುಕೊಳ್ಳಲೆಂದು ಬಿಡುತ್ತಾರೆ.

ಮುಂದಿನ ಅಧ್ಯಾಯಗಳಲ್ಲಿ ನಷ್ಟಗಳು ಒಂದರ ಹಿಂದೊಂದು ಬರುತ್ತವೆ. ರಾಕಿ ಎಂಬ ನಾಯಿ ಮನೆಯಲ್ಲಿ ಕಾಣುವುದಿಲ್ಲ. ಎಲ್ಲರ ಪ್ರೀತಿಯ ಶಾಲಾ ನೌಕರ ರ್ಯೋಚಾನ್ ಯುದ್ಧಕ್ಕೆ ಕರೆ ಬಂದು ಹೊರಡುತ್ತಾನೆ. ಅವನಿಗಾಗಿ ಶಾಲೆಯಲ್ಲಿ ಚಹಾಕೂಟ ನಡೆಯುತ್ತದೆ. ದೊಡ್ಡವಳಾದ ಮೇಲೆ ಇದೇ ಶಾಲೆಯಲ್ಲಿ ಟೀಚರ್ ಆಗುವೆನೆಂದು ತೊತ್ತೋಚಾನ್ ಮುಖ್ಯೋಪಾಧ್ಯಾಯರಿಗೆ ಮಾತು ಕೊಡುತ್ತಾಳೆ. ಆ ಬಳಿಕ ಶಾಲೆಯೇ ಇಲ್ಲವಾಗುತ್ತದೆ. ಉರಿಯುವ ಶಾಲೆಯನ್ನು ನೋಡುತ್ತ ನಿಂತ ಕೊಬಯಾಶಿಯವರು ಪಕ್ಕದಲ್ಲಿದ್ದ ಮಗನನ್ನು, ಮುಂದೆ ಎಂಥ ಶಾಲೆ ಕಟ್ಟೋಣ ಎಂದು ಕೇಳುತ್ತಾರೆ. ಇದನ್ನು ಆಶಾವಾದದ ಮಾತೆಂದು ಕೊಂಡಾಡುವುದು ರೂಢಿ. ನಾವು ಅದರ ಮುಂದಿನ ಸತ್ಯವನ್ನೂ ಸೇರಿಸಿ ಓದಬೇಕು: ಯುದ್ಧಾನಂತರ ಅವರು ಶಿಶುವಿಹಾರವೊಂದನ್ನು ನಡೆಸಿದರಾದರೂ ತಮ್ಮ ಕನಸಿನ ಪ್ರಾಥಮಿಕ ಶಾಲೆಯನ್ನು ಮರಳಿ ಕಟ್ಟಲಾಗದೆ 1963ರಲ್ಲಿ ತೀರಿಕೊಂಡರು. ಆ ಹುಡುಗಿ ಅಲ್ಲಿ ಟೀಚರ್ ಆಗುವುದೂ ಸಾಧ್ಯವಾಗಲಿಲ್ಲ. ನೆರವೇರದ ಆ ಮಾತಿನ ಬದಲಿಗೆ ಬರೆಯಲಾದುದೇ ಈ ಪುಸ್ತಕ ಎಂಬುದು ನಮ್ಮ ಓದು. ಯಸುವಾಕಿಯ ಪುಸ್ತಕವನ್ನು ಜೋಪಾನ ಮಾಡಿದ ಮನಸ್ಸೇ ಇಡೀ ಶಾಲೆಯನ್ನೂ ಜೋಪಾನ ಮಾಡಿದೆ.

ಕೃತಿಯ ರಚನೆಯ ಬಗ್ಗೆ ಎರಡು ಮಾತು. ಪುಟ್ಟ ಪುಟ್ಟ ಅಧ್ಯಾಯಗಳ ಸರಣಿ ಇದು. ಒಂದೊಂದೂ ಒಂದು ಘಟನೆಯಷ್ಟೆ ಉದ್ದ. ದುಃಖದ ಅಧ್ಯಾಯದ ಬೆನ್ನಿಗೇ ನಗೆಯ ಅಧ್ಯಾಯ ಬರುತ್ತದೆ. ಇದು ಜೋಡಣೆಯ ಚಾತುರ್ಯವೆನ್ನುವುದಕ್ಕಿಂತ ಮಗುವಿನ ಮನಸ್ಸಿನ ನಿಜವಾದ ಗತಿ ಎನ್ನಬೇಕು. ಮಕ್ಕಳು ದುಃಖದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಹೊರಗೆ ಆಡಿ ಮತ್ತೆ ಅದರ ಬಳಿಗೆ ಬರುತ್ತಾರೆ. ಸಾವಿನ ಮನೆಯಲ್ಲಿ ಮಗು ನಕ್ಕಿತೆಂದು ಗದರುವ ಹಿರಿಯರಿಗೆ ಈ ಪುಸ್ತಕದ ಅಧ್ಯಾಯಕ್ರಮವೇ ಒಂದು ಉತ್ತರ. ಇದರೊಡನೆ ಚಿಹಿರೊ ಇವಾಸಾಕಿಯವರ ಜಲವರ್ಣ ಚಿತ್ರಗಳಿವೆ. ಅವು ಈ ಕೃತಿಗಾಗಿ ಬರೆದ ಚಿತ್ರಗಳಲ್ಲ. ಕಲಾವಿದೆ 1974ರಲ್ಲಿಯೇ ನಿಧನರಾಗಿದ್ದರು. ಅವರು ಬಿಟ್ಟುಹೋದ ಚಿತ್ರಗಳಿಂದ ಲೇಖಕಿ ಆರಿಸಿಕೊಂಡವು. ಅಂಚುಗಳಲ್ಲಿ ನೀರಿನಲ್ಲಿ ಕರಗಿದಂತಿರುವ ಆ ಮಕ್ಕಳ ಮುಖಗಳು ಪಠ್ಯಕ್ಕೆ ಎಷ್ಟು ಹೊಂದಿಕೊಂಡಿವೆ ಎಂದರೆ, ಇಲ್ಲದವರೊಬ್ಬರು ಇಲ್ಲದ ಶಾಲೆಗಾಗಿ ಬರೆದಿಟ್ಟರೇನೋ ಎನ್ನಿಸುತ್ತದೆ.

ಕೃತಿಯ ಮಿತಿಗಳನ್ನೂ ಹೇಳಬೇಕು. ತೊಮೊಯೆ ಇಲ್ಲಿ ದೋಷವೇ ಇಲ್ಲದ ಲೋಕ. ಅಲ್ಲಿ ಹಿಂದುಳಿದ ಮಗು, ಸೋತ ಪಾಠ, ಶಿಕ್ಷಕರ ತಾಳ್ಮೆಗೇಡಿತನ ಕಾಣುವುದೇ ಅಪರೂಪ. ಪ್ರೀತಿಯ ನೆನಪು ತನ್ನ ವಸ್ತುವನ್ನು ತೊಳೆದು ಹೊಳಪಿಸುತ್ತದೆ ಎಂಬುದು ಇದಕ್ಕೆ ಸಮಜಾಯಿಷಿಯಾಗಬಹುದು, ಆದರೆ ಕೊರತೆ ಕೊರತೆಯೇ. ಯುದ್ಧವು ಆಕಾಶದಿಂದ ಬಿದ್ದ ವಿಪತ್ತಿನಂತೆ ಬರುತ್ತದೆ. ಅದೇ ಕಾಲದಲ್ಲಿ ಜಪಾನು ನೆರೆನಾಡುಗಳ ಮೇಲೆ ತಂದ ನಷ್ಟಗಳ ಮಾತು ಇಲ್ಲಿಲ್ಲ. ಮಗುವಿನ ಕಣ್ಣಿಗೆ ಅದು ಕಾಣದು ಎಂಬುದು ನಿಜ. ಆದರೂ ಒಂದು ಅಧ್ಯಾಯದಲ್ಲಿ ಲೇಖಕಿ ಆ ಬಾಗಿಲನ್ನು ಸ್ವಲ್ಪ ತೆರೆಯುತ್ತಾರೆ. ನೆರೆಯಲ್ಲಿದ್ದ ಮಸಾವೊ ಎಂಬ ಕೊರಿಯನ್ ಹುಡುಗ ತೊತ್ತೋಚಾನಳನ್ನು ಕಂಡು ‘ಕೊರಿಯನ್’ ಎಂದು ಬೈಗುಳದಂತೆ ಕೂಗುತ್ತಾನೆ. ತನ್ನನ್ನು ಜನ ಯಾವ ಶಬ್ದದಿಂದ ಹೀಯಾಳಿಸಿದ್ದರೋ ಅದೇ ಶಬ್ದವನ್ನು ಅವನು ಬೈಗುಳವೆಂದು ಕಲಿತಿದ್ದಾನೆ. ಜನಾಂಗದ ಹೆಸರೇ ನಿಂದೆಯಾಗಿ ಕಿವಿಗೆ ಬಿದ್ದ ಮಗುವಿನ ನಷ್ಟ ಎಂಥದು ಎಂಬುದನ್ನು ಈ ಒಂದು ಪ್ರಸಂಗದಲ್ಲಿ ಆಕೆ ಹೇಳಿಬಿಡುತ್ತಾರೆ.

ಇಲ್ಲಿಗೆ ಬಂದಾಗ ಈ ಪುಸ್ತಕ ಗಡಿಯಾಚೆಯ ಕನ್ನಡಿಗರಾದ ನಮಗೆ ಏಕೆ ವಿಶೇಷವಾಗಿ ಬೇಕು ಎಂಬುದು ಸ್ಪಷ್ಟವಾಗುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿಗಳು ಬದಲಾದಾಗ ನಮ್ಮ ಮನೆಗಳು ಇದ್ದಲ್ಲಿಯೇ ಇದ್ದುವು. ಅವುಗಳ ವಿಳಾಸ ಬೇರೆಯಾಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯವನ್ನು ಭಾಷಾ ಅಲ್ಪಸಂಖ್ಯಾತರಿಗೆ ಒದಗಿಸಲು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಆದರೆ ಕಾನೂನಿನ ಪುಟದಲ್ಲಿ ಶಾಲೆ ಉಳಿದ ಮಾತ್ರಕ್ಕೆ ತರಗತಿಯಲ್ಲಿ ಮಕ್ಕಳು ಉಳಿಯುವುದಿಲ್ಲ. ಸಪ್ತಭಾಷೆಗಳ ನೆಲವೆನಿಸಿದ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಒಂದು ವಿಭಾಗ ಮುಚ್ಚಿದರೆ ಅಲ್ಲಿ ಬಾಂಬು ಬಿದ್ದಿರುವುದಿಲ್ಲ, ಬೆಂಕಿ ಹತ್ತಿರುವುದಿಲ್ಲ. ಬೆಂಚು ಖಾಲಿಯಾಗುತ್ತ ಬಂದು ಒಂದು ಜೂನ್ ತಿಂಗಳಲ್ಲಿ ಬಾಗಿಲು ತೆರೆಯದೆ ಉಳಿಯುತ್ತದೆ. ಹಿರಿಯರಾದ ನಾವು ಆ ನಷ್ಟವನ್ನು ಮನವಿಪತ್ರಗಳಲ್ಲಿ, ಠರಾವುಗಳಲ್ಲಿ ದಾಖಲಿಸುತ್ತೇವೆ. ಅದು ಅಗತ್ಯವೂ ಹೌದು. ಆ ವಿಭಾಗದ ಕೊನೆಯ ತಂಡದಲ್ಲಿದ್ದ ಮಗುವಿಗೆ ಏನನ್ನಿಸಿತೆಂದು ಕೇಳುವುದು ಮಾತ್ರ ಉಳಿದುಬಿಡುತ್ತದೆ. ಮಸಾವೊನಂತೆ ಆ ಮಗುವೂ ತನ್ನ ಭಾಷೆಯನ್ನು ಒಂದು ಕೊರತೆಯೆಂದು ಕಲಿಯಬಾರದಲ್ಲವೇ?

ಅದೇ ಶಾಲೆಯ ಇನ್ನೊಂದು ಪ್ರಸಂಗ ಇದಕ್ಕೆ ಎದುರಾಗಿ ನಿಲ್ಲುತ್ತದೆ. ಅಮೆರಿಕದಲ್ಲಿ ಬೆಳೆದು ಬಂದ ಮಿಯಾಜಾಕಿ ಎಂಬ ಹುಡುಗನಿಗೆ ಜಪಾನಿ ಭಾಷೆ ಚೆನ್ನಾಗಿ ಬಾರದು. ತೊಮೊಯೆಯ ಮಕ್ಕಳು ಅವನಿಗೆ ತಮ್ಮ ಮಾತನ್ನು ಕಲಿಸುತ್ತಾರೆ, ಅವನಿಂದ ಇಂಗ್ಲಿಷ್ ಶಬ್ದಗಳನ್ನು ಕಲಿಯುತ್ತಾರೆ. ಹೊರಗೆ ಆ ಭಾಷೆ ಶತ್ರುವಿನ ಭಾಷೆಯಾಗುತ್ತಿದ್ದ ಕಾಲ ಅದು. ನೆರೆಯ ಮಲಯಾಳವನ್ನೋ, ತಮಿಳನ್ನೋ, ಮರಾಠಿಯನ್ನೋ, ತೆಲುಗನ್ನೋ ಕಲಿಯುವುದರಿಂದ ಕನ್ನಡದ ಮಗು ಏನನ್ನೂ ಕಳೆದುಕೊಳ್ಳುವುದಿಲ್ಲ. ತನ್ನದನ್ನು ಕೇಳುವ ಕಿವಿ ಸಿಗದಾಗ ಕಳೆದುಕೊಳ್ಳುತ್ತದೆ. ನಮ್ಮ ನೆಲಕ್ಕೆ ಈ ಉದಾರತೆ ಅಪರಿಚಿತವಲ್ಲ. ಮಂಜೇಶ್ವರದ ಗೋವಿಂದ ಪೈಗಳು ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದವರು. ಸತ್ತವರು ಮರಳಿ ಬಂದು ತಮ್ಮ ಅಳಲನ್ನು ಹೇಳಿಕೊಳ್ಳುವುದು ಆ ನಾಟಕಪ್ರಕಾರದ ಒಂದು ಮುಖ್ಯ ಸಂಪ್ರದಾಯ. ಅಲ್ಲಿಂದ ‘ತೊತ್ತೋಚಾನ್’ ಬಹಳ ದೂರದ ಹಾದಿಯಲ್ಲ.

ಕೊನೆಯದಾಗಿ, ಈ ಸಮ್ಮೇಳನದ ಸಂದರ್ಭದಲ್ಲಿ ನಮ್ಮ ಸೂಚನೆಗಳು ಎರಡು. ನಮ್ಮ ಪ್ರದೇಶದ ಪ್ರತಿಯೊಂದು ಕನ್ನಡ ತರಗತಿಯ ಕಪಾಟಿನಲ್ಲಿ, ಶಿಕ್ಷಕರ ಮೇಜಿನ ಮೇಲಲ್ಲ, ಮಕ್ಕಳ ಕೈಗೆಟಕುವ ಹಲಗೆಯ ಮೇಲೆ, ‘ತೊತ್ತೋಚಾನ್’ ಇರಲಿ. ದಿನಕ್ಕೊಂದು ಅಧ್ಯಾಯದಂತೆ ಗಟ್ಟಿಯಾಗಿ ಓದಿ ಹೇಳಿದರೆ ಒಂದು ಶೈಕ್ಷಣಿಕ ವರ್ಷದೊಳಗೆ ಅದು ನಿರಾಯಾಸವಾಗಿ ಮುಗಿಯುತ್ತದೆ. ಯಸುವಾಕಿಯ ಅಧ್ಯಾಯ ಬಂದ ದಿನ ಪ್ರಶ್ನೋತ್ತರ ಬೇಡ, ಸಾರಾಂಶ ಬರೆಸುವುದೂ ಬೇಡ. ಓದಿದ ಶಿಕ್ಷಕರ ದನಿ ಒಂದಿಷ್ಟು ನಡುಗಿದರೆ ಅದನ್ನು ಮಕ್ಕಳಿಂದ ಮರೆಮಾಡುವುದೂ ಬೇಡ.

ಎರಡನೆಯದು ನಮ್ಮ ಲೇಖಕರಿಗೆ. ನೀತಿಯ ಗಂಟು ಹಾಕದೆ, ಶಿಕ್ಷೆಯಾಗಿಸದೆ, ಒಂದು ನಷ್ಟವನ್ನು ಮಗುವಿಗೆ ಅದರ ಎತ್ತರದಲ್ಲಿಯೇ ನಿಂತು ಹೇಳುವ ಪುಸ್ತಕ ಈ ಗಡಿನೆಲದಿಂದಲೂ ಬರಬೇಕು. ವಸ್ತುವಿಗೆ ಬರವಿಲ್ಲ: ಮೊಮ್ಮಗಳಿಗೆ ಅರ್ಥವಾಗದ ಕನ್ನಡದಲ್ಲಿ ಕಥೆ ಹೇಳುವ ಅಜ್ಜಿ, ಊರು ಬಿಟ್ಟ ಗೆಳೆಯ, ಹಾಜರಿ ಪುಸ್ತಕದಲ್ಲಿ ನಾಲ್ಕೇ ಹೆಸರುಳಿದ ತರಗತಿ. ಬರೆಯುವವರು ಒಂದನ್ನು ಮಾತ್ರ ನೆನಪಿಡಲಿ. ಸತ್ತ ಗೆಳೆಯನ ಪುಸ್ತಕ ತೊತ್ತೋಚಾನಳ ಬಳಿ ಉಳಿದಂತೆ, ಕಥೆ ಮುಗಿದಾಗ ಮಗುವಿನ ಕೈಯಲ್ಲಿ ಜೋಪಾನ ಮಾಡಲು ಏನಾದರೊಂದು ಉಳಿದಿರಬೇಕು.